ಗವ್ರಿಲ್ ಮಾವನ ನೀಲಿ ಚುಕ್ಕಿ

ಖಾರಾ-ಅಲಾಸ್
ಆಗಸ್ಟ್ 24

ಯಾಕುತ್ಸ್ಕ್‌ನಲ್ಲಿ ಕುಳಿತು ಭೂಮಿಗೆಲ್ಲ ಜ್ವರ ನೋಡುವ ನನ್ನ ಅಕ್ಕನ ಮಗಳು ಆಯ್ತಲಿನಾಗೆ ಗವ್ರಿಲ್ ಮಾವನ ಆಶೀರ್ವಾದಗಳು.

ನಾನು ಗಟ್ಟಿಮುಟ್ಟಾಗಿದ್ದೇನೆ. ಮೊನ್ನೆ ಒಬ್ಬನೇ ನಾಲ್ಕು ಬಂಡಿ ಹುಲ್ಲು ಒಟ್ಟಿದೆ. ಸರಿ, ಮೂರು. ಅಜ್ಜಿಯ ಮನೆಯಲ್ಲಿರುವ ನಿನ್ನ ಮಗಳು ಕ್ಯುನ್ನೇ ಹೊಸ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಮಲಗುತ್ತಾಳೆ. ಸೆಪ್ಟೆಂಬರ್ ಒಂದಕ್ಕೆ ಹೊಸ ಶಾಲೆ, ಒಂದನೇ ತರಗತಿ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಕಾಗದ. ಐದು ವರ್ಷದ ಹಿಂದೆ ನನ್ನ ಹಿತ್ತಲಲ್ಲಿ ಹತ್ತು ಮೀಟರ್ ಆಳಕ್ಕೆ ಕೊಳವೆ ಇಳಿಸಿ, "ಮಾವ, ಪ್ರತಿ ಸೋಮವಾರ ನೆಲ ಎಷ್ಟು ತಣ್ಣಗಿದೆ ನೋಡಿ ಬರ್ದು ಕಳಿಸು. ಬೇರೇನೂ ಮಾಡೋಕೆ ಹೋಗ್ಬೇಡ" ಅಂದಿದ್ದೆ. ಒಂದು ಸೋಮವಾರವೂ ತಪ್ಪಿಸಿಲ್ಲ. ನಾರ್ವೆ, ಕೆನಡಾ, ಚೀನಾದವರೆಲ್ಲ ನೋಡುವ ನಕ್ಷೆಯಲ್ಲಿ ನೆಲ ಬೆಚ್ಚಗಾಗಿ ಸುತ್ತಲಿನ ಚುಕ್ಕಿಗಳು ಕೆಂಪಾದರೂ ನನ್ನದೊಂದೇ ನೀಲಿ ಉಳಿಯಿತು. ಆ ನಕ್ಷೆಯ ಹಾಳೆ ನನ್ನ ಗೋಡೆಯ ಮೇಲಿದೆ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ತೋರಿಸುತ್ತೇನೆ. ಆ ಚುಕ್ಕಿ ನೋಡಿಯೇ ಅಲ್ಲವೇ, ಅಡಿಯ ಹೆಪ್ಪುಗಟ್ಟಿದ ನೆಲ ಕರಗಿ ಕುಸಿಯುವುದಿಲ್ಲ, ನನ್ನ ಬೇಲಿಯಾಚೆ ಶಾಲೆ ಕಟ್ಟಬಹುದೆಂದು ನೀನು ಸಹಿ ಹಾಕಿದ್ದು?

ಈಗ ಕೇಳು. ಬೈಯುವುದನ್ನು ಕಡೆಗಿಟ್ಟುಕೋ. ಮಾಂಸ, ಮೀನು ಇಡುವ ನೆಲಮಾಳಿಗೆಯ ನೆತ್ತಿಯಿಂದ ಚಳಿಗಾಲವೆಲ್ಲ ಹಿಮ ಗುಡಿಸುವುದು ನಮ್ಮ ರೂಢಿ. ಹಿಮ ಕಂಬಳಿಯ ಹಾಗೆ ಕೂತರೆ ಚಳಿ ಒಳಗಿಳಿಯುವುದಿಲ್ಲ. ಮೊದಲ ವರ್ಷ ನಿನ್ನ ಕೊಳವೆಯೂ ಪಾಪ ಸೆಖೆಯಲ್ಲಿದೆ ಅನ್ನಿಸಿತು. ಗುಡಿಸಿದೆ. ಅಂಕಿ ಇಳಿದಷ್ಟೂ ನನ್ನ ಎದೆ ಉಬ್ಬಿತು. ಐದೂ ಚಳಿಗಾಲ ಸುತ್ತ ಹತ್ತು ಹೆಜ್ಜೆ ಮಣ್ಣು ಕಾಣುವಂತೆ ಗುಡಿಸಿದ್ದೇನೆ. ನಾನು ಕಳಿಸಿದ ಅಂಕಿಯಲ್ಲಿ ಒಂದೂ ಸುಳ್ಳಿಲ್ಲ. ಆದರೆ ಅಷ್ಟು ತಣ್ಣಗಿರುವುದು ಊರಲ್ಲಿ ನಾನು ಗುಡಿಸಿದ ಆ ಒಂದು ತುಂಡು ನೆಲ ಮಾತ್ರ.

ಜುಲೈಯಿಂದ ಕುದುರೆಗಳು ಬೇಲಿಯಾಚೆಯ ಹುಲ್ಲು ತುಳಿಯುತ್ತಿಲ್ಲ, ಸುತ್ತಿ ಬರುತ್ತವೆ. ಶಾಲೆಯ ಹಿಂದೆ ಬಾಣಲೆಯಷ್ಟಿದ್ದ ನೀರು ಕೊಟ್ಟಿಗೆಯಷ್ಟಾಗಿದೆ, ಮಳೆ ಬಂದಿಲ್ಲ. ಕಿವಿಗೊಟ್ಟರೆ ನೆಲದೊಳಗೆ ಯಾರೋ ಬಾಯಿ ಚಪ್ಪರಿಸಿದ ಹಾಗೆ ಕೇಳುತ್ತದೆ.

ಮುಖ್ಯೋಪಾಧ್ಯಾಯಿನಿ ಮಾತ್ರೋನಾಗೆ ಹೇಳಿದೆ. "ಗವ್ರಿಲಣ್ಣ, ಹೋದ್ವರ್ಷ ದೋಣಿಯಷ್ಟುದ್ದ ಮೀನು ಹಿಡ್ದೆ ಅಂದ್ರಲ್ಲ, ಅದೂ ಈ ಗುಂಡೀಲೇ ಇದ್ಯೇನು?" ಅಂದಳು. ಅಲ್ಲಿದ್ದವರೆಲ್ಲ ನಕ್ಕರು. "ನಿಮ್ಮಕ್ಕನ ಮಗಳೇ ಸಹಿ ಹಾಕಿದಾಳೆ, ಸುಮ್ನೆ ಮನೆಗೆ ನಡೀರಿ."

ಮೀನು ಸುಳ್ಳು ಕಣೇ. ಇದು ಸುಳ್ಳಲ್ಲ. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ನಿನ್ನ ಸಹಿ ನಂಬುತ್ತಾರೆ. ಅದನ್ನು ಹಿಂದಕ್ಕೆ ತಗೋ. ಮೇಲಿನವರು ಕೇಳಿದರೆ ಈ ಕಾಗದ ತೋರಿಸು.

ಇಂತಿ,
ಐದು ಚಳಿಗಾಲ ನಿನ್ನ ಮಾತು ಮೀರಿದ
ಗವ್ರಿಲ್ ಮಾವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಇವತ್ತು ಮಕ್ಕಳಿಗೆ ತರಗತಿ ತೋರಿಸಿದರು. ಕ್ಯುನ್ನೇ ಮೇಜಿನ ಮೇಲಿಟ್ಟ ಪೆನ್ಸಿಲ್ ತಾನಾಗಿ ಉರುಳಿ ಕಿಟಕಿಯ ಕಡೆ ಬಿತ್ತು. ಮೂರು ಸಲ ಇಟ್ಟಳು, ಮೂರು ಸಲವೂ ಬಿತ್ತು. ಹೋದ ವಾರ ನಾನಿಟ್ಟಾಗ ಅಲುಗಿರಲಿಲ್ಲ. "ಆ ಶಾಲೆ ಬೇಡ ಪುಟ್ಟಿ" ಅಂದೆ. "ಹೋಗಜ್ಜ, ನೆಲ ಗಟ್ಟಿ ಇದೆ ಅಂತ ಅಮ್ಮನೇ ಬರ್ದಿದಾಳೆ" ಅಂದಳು.