ಅವ್ವ ಹೂವೆಂದು ಹೊಲಿದದ್ದು

ಹರಿಹರ

ಯೋಗರಾಜ್ ಸರ್ ಅವರಿಗೆ ಪುಷ್ಪಲತಾಳ ನಮಸ್ಕಾರಗಳು.

ತೀರಿಹೋದ ನಮ್ಮಕ್ಕ ಹಾಲಮ್ಮ ಕಂಪ್ಯೂಟರಿಗೆ ಮೊದಮೊದಲು ಕನ್ನಡ ಅಕ್ಷರ ಮಾಡಿಕೊಟ್ಟವಳೆಂದು ನಮ್ಮ ಮನೆಗೆ ಬಂದು ಹೇಳಿ ನೀವು ದಾವಣಗೆರೆಗೆ ವಾಪಸ್ ಹೋದಿರಿ. ಅವಳ ಜೊತೆಗೆ ಕೆಲಸ ಮಾಡಿದ ನೀವು ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳಬೇಕಿತ್ತು, ಚಹಾ ಕೊಡುವುದರಲ್ಲಿ ಮರೆತೆ.

ಕಾರ್ಖಾನೆಯಿಂದ ಬಂದು ಅಕ್ಕ ಗ್ರಾಫ್ ಹಾಳೆಯಲ್ಲಿ ಚುಕ್ಕಿ ತುಂಬುತ್ತಿದ್ದಳು. ಓದು ಬಾರದ ಅವ್ವ ಅದನ್ನು ಅಡ್ಡ ಹಿಡಿದು, ಕಸೂತಿಯ ಹೂವೆಂದು ತಿಳಿದು, ದಿಂಬಿನ ಕವರಿನ ಮೇಲೆ ಕೆಂಪು ದಾರದಲ್ಲಿ ಹೊಲಿದಳು. ಅಕ್ಕ ನಕ್ಕು, "ಚಂದ ಐತೆ ಬಿಡವ್ವ, ಬಿಚ್ಚಬ್ಯಾಡ" ಅಂದಳು. ಕೊನೆಯ ತನಕ ಅದರ ಮೇಲೇ ಮಲಗಿದಳು. ಮೊನ್ನೆ ನೀವು ಕವರನ್ನು ನೆಟ್ಟಗೆ ತಿರುಗಿಸಿದಾಗಲೇ ಅವು ಅಕ್ಕ ಕಂಪ್ಯೂಟರಿಗೆಂದು ಚುಕ್ಕಿಯಲ್ಲಿ ಬರೆದ ಅಕ್ಷರಗಳೆಂದು ನನಗೂ ಕಂಡದ್ದು.

ನಿಮ್ಮ ಕನ್ನಡ ಅಕ್ಷರಗಳ ಪ್ರದರ್ಶನಕ್ಕೆ ಅದನ್ನು ಕೇಳಿದ್ದೀರಿ. ಕೊಡುತ್ತೇನೆ, ಆದರೆ ವಾಪಸ್ ಬೇಕು. ಅದರಲ್ಲಿ ಅಕ್ಕನ ಹೆಸರು ಹುಡುಕಿದೆ. 'ಲ' ಇದೆ, 'ಮ' ಇದೆ. ವರ್ಣಮಾಲೆಯ ಸಾಲಿನಲ್ಲಿ 'ಸ' ಹೊಲಿದು ಮುಗಿಸುವಷ್ಟರಲ್ಲಿ ಅವ್ವನ ದಾರ ಮುಗಿದಿತ್ತು, ಹಾಗಾಗಿ ಅದರ ಮುಂದಿನ 'ಹ' ಇಲ್ಲ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಅಕ್ಕ ಮಾಡಿದ 'ಹ' ಉಳಿದಿದ್ದರೆ, ಚುಕ್ಕಿ ಕಾಣುವಷ್ಟು ದೊಡ್ಡದಾಗಿ ಪ್ರಿಂಟ್ ತೆಗೆದು ಕಳಿಸಿರಿ.

ಕೆಂಪು ದಾರ ತಂದಿಟ್ಟಿದ್ದೇನೆ. ಕವರಿನ ಮೂಲೆಯಲ್ಲಿ ಇನ್ನೂ ಜಾಗ ಇದೆ.

ಇಂತಿ,
ಹಾಲಮ್ಮನ ತಂಗಿ
ಪುಷ್ಪಲತಾ