ಯಾವ ಕಾಲದ ಅಪ್ಪ

ಶುಬ್ರಾ, ಕೈರೋ
೨೯ ಮಾರ್ಚ್ ೧೯೯೮

ಮುದ್ದಿನ ಮಗಳು ಸುಹೈರ್‌ಗೆ ಅಪ್ಪನ ಸಲಾಮು.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಕೋಪದಿಂದ ಸುಮ್ಮನಿದ್ದೆ ಅಂದುಕೊಳ್ಳಬೇಡ, ಏನು ಬರೆಯಬೇಕೆಂದೇ ತೋಚಲಿಲ್ಲ. ಎರಡು ವರ್ಷದ ಮೇಲೆ ನೀನು ಬರೆದೆ, ಅದೂ ನಿನ್ನ ನಿಕಾಹಿಗೆ ಕರೆದು. ಬರುವ ಗುರುವಾರ ಸೂಯೆಜ್‌ಗೆ ಬಂದು, ಪದ್ಧತಿಯಂತೆ ಬಿಳಿ ಕರವಸ್ತ್ರದ ಕೆಳಗೆ ಮದುಮಗ ಬದ್ರಿಯ ಕೈಯಲ್ಲಿ ಕೈಯಿಟ್ಟು ನಿನ್ನನ್ನು ಒಪ್ಪಿಸಬೇಕಂತೆ. ಆ ಮಿನಿಬಸ್ ಡ್ರೈವರ್ ಬೇಡವೆಂದು ಹಟ ಹಿಡಿದವನೇ ನಾನು. ಈಗ ಯಾವ ಮುಖ ಹೊತ್ತು ಬರಲಿ?

ಇದೇ ಹೊತ್ತಿಗೆ ಟೀವಿಯವರ ಕೆಲಸವೊಂದು ಗಂಟುಬಿತ್ತು. ಐವತ್ತು ವರ್ಷದ ಸಿನಿಮಾ ಮದುವೆಗಳನ್ನು ಕತ್ತರಿಸಿ ಅರ್ಧ ಗಂಟೆಗೆ ಜೋಡಿಸಬೇಕು. ಆ ಅಪ್ಪಂದಿರನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಐವತ್ತರ ದಶಕದವನು ಕೆಂಪು ಟೋಪಿ ತೆಗೆದಿಟ್ಟು, ಗಳಗಳ ಅತ್ತು, ಕ್ಷಮಿಸಿಬಿಡುತ್ತಾನೆ. ಅರವತ್ತರವನು ಅಳಿಯ ಕಾರ್ಖಾನೆಯ ಆಳೆಂದು ಎದೆಯುಬ್ಬಿಸಿ ಭಾಷಣ ಬಿಗಿಯುತ್ತಾನೆ. ಎಪ್ಪತ್ತರವನಂತೂ ಕುಡಿದು ಮಗಳ ಗೆಳತಿಯ ಜೊತೆ ಕುಣಿಯುತ್ತಾನೆ, ಥೂ! ಎಂಬತ್ತರವನು ವರನೆದುರು ಎಳೆಯುವುದು ಒಂದೇ ರಾಗ: "ಫ್ಲ್ಯಾಟ್ ಎಲ್ಲಿದೆ?" ಈಗಿನವನು ಮುಖಕ್ಕೆ ಕೇಕ್ ಮೆತ್ತಿಸಿಕೊಳ್ಳಲೆಂದೇ ಬರುತ್ತಾನೆ. ಬದ್ರಿಗೆ ಬೇಡವೆಂದಾಗ ನಾನು ಎಂಬತ್ತರವನಾಗಿದ್ದೆ. ಈಗ ಯಾರಾಗಬೇಕು ಹೇಳು.

ಮೊನ್ನೆ ಆ ಕೇಕಿನ ಅಪ್ಪನ ಮೇಲೆ ಐವತ್ತರ ಬೀಳ್ಕೊಡುಗೆ ಹಾಡು ಜೋಡಿಸಿಬಿಟ್ಟೆ. ನನ್ನ ಜೊತೆ ಕೆಲಸ ಮಾಡುವ ಜಕಿಯಾ ಬಿದ್ದು ಬಿದ್ದು ನಕ್ಕಳು.

"ಉಸ್ತಾದ್ರೇ, ಏನಿದು? ಹಿಂದೆ ಕರುಳು ಹಿಂಡೋ ಹಾಡು, ಮುಂದೆ ಇವ್ನು ಹಲ್ಲು ಕಿರೀತಾನೆ!"

"ಸರಿಯಾಗೇ ಇದೆಯಲ್ಲ," ಅಂದೆ. ನನಗೆ ಅಳು ಬಂದಿತ್ತು. ಅವಳು ನಗು ನಿಲ್ಲಿಸಿ ನೀರು ತಂದುಕೊಟ್ಟಳು.

ನಿನ್ನ ಸೋದರತ್ತೆ ಇನ್ಸಾಫ್ ದಿನಾ ಬೈಯುತ್ತಾಳೆ. "ಕೈ ಇಡೋಕೆ ಇಷ್ಟು ಮೀನಮೇಷ ಎಣಿಸ್ತೀಯಲ್ಲೋ ಮಂಕೇ! ಆ ಹುಡುಗಿ ಕರೆದಿದ್ದೇ ದೊಡ್ಡದು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೋಗು."

ಗುರುವಾರ ಮೊದಲ ಬಸ್ಸಿಗೇ ಬರುತ್ತೇನೆ. ಅಳುತ್ತೇನೋ ನಗುತ್ತೇನೋ ಗೊತ್ತಿಲ್ಲ. ಬದ್ರಿಯ ಎದುರು ಪೆದ್ದುಪೆದ್ದಾಗಿ ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಲ್ಲಾಹು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಪ್ಪ
ರಿಫಾತ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ಹೊರಟ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು, "ಅಪ್ಪಾ, ಏನಾದ್ರೂ ಮಾತಾಡು" ಅಂತ ಎರಡು ಸಲ ಕೇಳಿದೆ. ನಾನು ಟೀವಿ ನೋಡುತ್ತಲೇ ಕೂತೆ. ಇಷ್ಟು ಸಿನಿಮಾ ಕತ್ತರಿಸಿದ್ದೇನೆ, ಬೈಯದ, ಅಳದ, ಕೂಗದ ಅಪ್ಪನನ್ನು ಯಾವ ಕಾಲದಲ್ಲೂ ಕಂಡಿಲ್ಲ. ಐದು ಮಹಡಿ ಇಳಿದ ನಿನ್ನ ಚಪ್ಪಲಿ ಸದ್ದು ನಿಂತ ಮೇಲೆ "ಹೋಗಬೇಡ ಮಗಳೇ" ಅಂದೆ. ಜೋರಾಗಿಯೇ ಅಂದೆ. ಮನೆಯಲ್ಲಿ ಯಾರೂ ಇರಲಿಲ್ಲ.