ನೀವು ನುಂಗಿದ ಅರ್ಧ ಶ್ಲೋಕ

ತೀರ್ಥರೂಪು ಅಪ್ಪನಿಗೆ,

ಸಾಷ್ಟಾಂಗ ನಮಸ್ಕಾರ ಎಂದು ಮುಂದುವರಿಸಬೇಕಿತ್ತು. ಇವತ್ತು ಕೈ ಬರುತ್ತಿಲ್ಲ.

ನಿನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಅಕ್ಕ, ಮಗಳ ಧಾರೆಯ ದಿನ ತಾನುಡಲೆಂದು ಜರಿಯಂಚಿನ ಹಸಿರು ಸೀರೆ ಆರಿಸಿದಳು. ಭಾವ ಹೋದ ಮೇಲೆ ಅವಳು ತನಗಾಗಿ ಏನನ್ನಾದರೂ ಆರಿಸಿದ್ದೇ ಅದು ಮೊದಲು. ನೀವು ಅಂಗಡಿಯವರ ಎದುರಿಗೇ, "ಗೌರಿ, ನಿಂಗ್ಯಾಕೆ ಅದು? ನೀನು ಮಂಟಪಕ್ಕೆ ಬರೋ ಹಾಗಿಲ್ಲ. ಸುಘೋಷ, ಅವನ ಹೆಂಡ್ತಿ ಶಾಮಲಾ ಧಾರೆ ಎರೀತಾರೆ" ಎಂದು ನನ್ನ ಕಡೆ ಕೈ ತೋರಿಸಿದಿರಿ. ಜೊತೆಗೊಂದು ಶ್ಲೋಕ. ಕನ್ಯೆಯನ್ನು ಕೊಡುವ ಅಧಿಕಾರ ತಂದೆಗೆ, ಅಜ್ಜನಿಗೆ, ಅಣ್ಣತಮ್ಮಂದಿರಿಗೆ. ಅಲ್ಲಿಗೆ ನಿಲ್ಲಿಸಿದಿರಿ. ಅಕ್ಕ ಸೀರೆ ಮಡಿಸಿ ವಾಪಸ್ಸಿಟ್ಟಳು. ಮದುಮಗಳು ಮಧುಶ್ರೀ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಭದ್ರಾವತಿಗೆ ಹಿಂತಿರುಗುವ ನಮ್ಮ ಬಸ್ಸು ಮಲವಗೊಪ್ಪ ದಾಟಿತ್ತು. ಅಕ್ಕ ಕೇಳಿದಳು: "ಶ್ಲೋಕ ಅಷ್ಟೇ ಏನೋ? ನಿಂಗೆ ಪೂರ್ತಿ ಬರುತ್ತಲ್ಲ."

ಬರುತ್ತದೆ ಅಪ್ಪ. ದೇವರನ್ನು ಬಿಟ್ಟು ಎಷ್ಟೋ ಕಾಲವಾಯಿತು, ಜನಿವಾರ ಭದ್ರೆಯ ಪಾಲಾಯಿತು, ಶ್ಲೋಕ ಮಾತ್ರ ನನ್ನನ್ನು ಬಿಡಲಿಲ್ಲ. ಗಡ್ಡ ಕೆರೆಯುವಾಗ ತಾನಾಗಿ ಬಾಯಿಗೆ ಬರುತ್ತದೆ. ಭದ್ರಾವತಿಯ ಬಾಡಿಗೆ ಮನೆಯಲ್ಲಿ ಶಾಲೆಗೆ ಹೊರಡುವ ಮುಂಚೆ ಎಲೆಯ ಮುಂದೆ ಕೂರಿಸಿ ಹೇಳಿಸುತ್ತಿದ್ದಿರಿ. ನಡುವೆ ತಡವರಿಸಿದರೆ ಅಮ್ಮನಿಗೆ ಕೂಗುತ್ತಿದ್ದಿರಿ: "ಸರಸ್ವತೀ, ಅರ್ಧ ಶ್ಲೋಕದವನಿಗೆ ಅರ್ಧ ಊಟ!" ಅನ್ನ ಬರುತ್ತಿತ್ತು, ಸಾರು ಬರುತ್ತಿರಲಿಲ್ಲ. ಬರೀ ಅನ್ನ ನುಂಗಿ ಕಲಿತವನು ನಾನು. ಈಗ ನೀವೇ ಅರ್ಧಕ್ಕೆ ನಿಲ್ಲಿಸಿದರೆ ನಿಮ್ಮ ಸಾರು ನಿಲ್ಲಿಸುವವರು ಯಾರು?

ಉಳಿದದ್ದನ್ನು ಬಸ್ಸಿನಲ್ಲೇ ಗಟ್ಟಿಯಾಗಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ. ಆ ಮೂವರಿಲ್ಲದಿದ್ದರೆ ಕುಲದವರು, ಅವರೂ ಇಲ್ಲದಿದ್ದರೆ ತಾಯಿ. ತಾಯಿ, ಅಪ್ಪ! ಮಧುಶ್ರೀಗೆ ತಂದೆಯಿಲ್ಲ, ತಂದೆಯ ತಂದೆಯಿಲ್ಲ, ಒಡಹುಟ್ಟಿದವರಿಲ್ಲ, ಭಾವನ ಕಡೆ ಗಂಡು ದಿಕ್ಕೇ ಇಲ್ಲ. ಉಳಿದವಳು ಅಕ್ಕ. ಸೋದರಮಾವನ ಸುದ್ದಿಯೇ ಆ ಶ್ಲೋಕದಲ್ಲಿಲ್ಲ. ಊರೆಲ್ಲ ಮದುವೆ ಮಾಡಿಸಿದ ನಿಮಗೆ ಇದು ಮರೆತುಹೋಯಿತೆಂದರೆ ನಂಬಲಾರೆ, ಗೊತ್ತಿದ್ದೇ ನುಂಗಿದಿರಿ. ದೇವರನ್ನೇ ನಂಬದ ನಾನು ಆಗುತ್ತೇನೆ, ಹೆತ್ತು ಸಾಕಿದವಳು ಆಗುವುದಿಲ್ಲ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಜನ ಆಡಿಕೊಳ್ಳುವುದು ನಮ್ಮಂಥ ಮನೆಗಳನ್ನು ನೋಡಿಯೇ. ಶ್ಲೋಕದಲ್ಲಿ ತಾಯಿ ಇಲ್ಲದಿದ್ದರೂ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಇದ್ದಾಳೆ. ಹೊಟ್ಟೆ ಉರಿಯುವುದು ಅದಕ್ಕೇ.

ಇವತ್ತು ಮತ್ತೆ ಶಿವಮೊಗ್ಗಕ್ಕೆ ಬಂದು ಆ ಹಸಿರು ಸೀರೆ ತಂದೆ. ನಿಮ್ಮ ಮನೆಗೆ ಬರಲಿಲ್ಲ. ಅಕ್ಕ ಅದನ್ನುಟ್ಟು ಧಾರೆ ಎರೆಯುತ್ತಾಳೆ. ಪುರೋಹಿತರು ಹಿಂದೆಮುಂದೆ ನೋಡಿದರೆ ಮಂತ್ರ ನಾನೇ ಹೇಳುತ್ತೇನೆ, ನೀವು ಕಲಿಸಿದ ಸ್ವರದಲ್ಲೇ. ನೀವು ಬನ್ನಿ. ಮೊದಲ ಪಂಕ್ತಿಯಲ್ಲಿ ಕೂರಿಸಿ, ಸಾರನ್ನೂ ಬಡಿಸುತ್ತೇನೆ.

ಅಕ್ಕತಂಗಿಯರಿಗೆ ಗೋತ್ರಪ್ರವರ ಹೇಳಿ ನಮಸ್ಕರಿಸುವ ಕ್ರಮವಿಲ್ಲ ಎಂದು ಕಲಿಸಿದವರೂ ನೀವೇ. ಧಾರೆ ಮುಗಿದ ಮೇಲೆ ಎಲ್ಲರೆದುರು ಕಿವಿ ಮುಟ್ಟಿಕೊಂಡು, ನಿಮ್ಮ ಗೋತ್ರ, ನೀವಿಟ್ಟ ಹೆಸರು, ಒಂದಕ್ಷರ ನುಂಗದೆ ಹೇಳಿ ಅಕ್ಕನ ಕಾಲಿಗೆ ಬೀಳುತ್ತೇನೆ. ಈ ಪತ್ರದ ತಲೆಯಲ್ಲಿ ಬರೆಯದ ನಮಸ್ಕಾರ ಅಲ್ಲಿ ಸಲ್ಲುತ್ತದೆ.

ನಿಮಗೆ ನೂರು ವರ್ಷ ಆಯಸ್ಸಿರಲಿ, ಪೂರ್ತಿ ನೂರು.

ಇತಿ,
ನಿಮ್ಮಿಂದಲೇ ಕಲಿತ
ಸುಘೋಷ